ಒಪ್ಪದ ಬಾಂಡುದಾರನ ಹಕ್ಕು

ಷೇರು ಕೊಂಡವನು ನಷ್ಟಕ್ಕೆ ಸಿದ್ಧನಾಗಿಯೇ ಕೊಳ್ಳುತ್ತಾನೆ. ಬಾಂಡು ಕೊಂಡವನು ಹಾಗಲ್ಲ. ಅವನು ಕಂಪನಿಗೆ ಸಾಲ ಕೊಟ್ಟವನು. ಅಮೆರಿಕದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ನಿವೃತ್ತಿ ನಿಧಿಯ ಒಂದು ಪಾಲು, ನಮ್ಮ ಅರಿವಿಗೆ ಬಾರದೆಯೇ, ಇಂತಹ ಸಾಲವಾಗಿ ಹೋಗಿರುತ್ತದೆ. ಕಂಪನಿ ಸಂಕಟಕ್ಕೆ ಸಿಲುಕಿದಾಗ ಆ ಸಾಲವನ್ನು ತಗ್ಗಿಸುವ ಅಧಿಕಾರ ಯಾರದು ಎಂಬುದು ಆದಕಾರಣ ಕೇವಲ ವಕೀಲರ ಪ್ರಶ್ನೆಯಲ್ಲ.

1930ರ ದಶಕದ ಮುಗ್ಗಟ್ಟಿನಲ್ಲಿ ಬಾಂಡುದಾರರ 'ರಕ್ಷಣಾ ಸಮಿತಿ'ಗಳು ಎಷ್ಟೋ ಕಡೆ ಕಂಪನಿಯ ಒಳಗಿನವರ ಕೈಗೊಂಬೆಗಳಾಗಿದ್ದವು. ವಿಲಿಯಂ ಡಗ್ಲಸ್ ಅವರ ನೇತೃತ್ವದ ತನಿಖೆ ಇದನ್ನು ಬಯಲಿಗೆಳೆಯಿತು; ಅದರ ಫಲ 1939ರ ಟ್ರಸ್ಟ್ ಇಂಡೆಂಚರ್ ಕಾಯಿದೆ. ವಾಯಿದೆಗೆ ಹಣ ಪಡೆಯುವ ಹಕ್ಕನ್ನು ಆಯಾ ಬಾಂಡುದಾರನ ಒಪ್ಪಿಗೆಯಿಲ್ಲದೆ ಕುಂದಿಸುವಂತಿಲ್ಲವೆಂದು ಅದರ 316(ಬಿ) ಕಲಮು ವಿಧಿಸುತ್ತದೆ. ಬಹುಮತದಿಂದ ಸಾಲ ಇಳಿಸಬೇಕಾದರೆ ದಿವಾಳಿ ನ್ಯಾಯಾಲಯವಿದೆ. ಅಲ್ಲಿ ಒಂದು ವರ್ಗದಲ್ಲಿ ಮತವಿತ್ತವರ ಪೈಕಿ ಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಮೊತ್ತದಲ್ಲಿ ಮೂರನೆಯ ಎರಡು ಪಾಲು ಒಪ್ಪಬೇಕು. ಮೇಲೆ ನ್ಯಾಯಾಧೀಶರ ಮಂಜೂರಾತಿಯೂ ಬೇಕು.

2014ರಲ್ಲಿ ಎಜುಕೇಷನ್ ಮ್ಯಾನೇಜ್‌ಮೆಂಟ್ ಎಂಬ ಕಾಲೇಜುಗಳ ಕಂಪನಿಗೆ ಈ ದಾರಿ ಮುಚ್ಚಿತ್ತು. ದಿವಾಳಿ ಅರ್ಜಿ ಹಾಕಿದರೆ ಫೆಡರಲ್ ವಿದ್ಯಾರ್ಥಿ ನೆರವು ತಪ್ಪುತ್ತಿತ್ತು. ಆಗ ಹೊಸದೊಂದು ಉಪಾಯ ಹೊಳೆಯಿತು. ಆಧಾರದ ಮೇಲೆ ಸಾಲ ಕೊಟ್ಟವರು ಆಸ್ತಿಯನ್ನು ವಶಪಡಿಸಿಕೊಂಡು ಅದೇ ಕಂಪನಿಯ ಹೊಸ ಅಂಗಸಂಸ್ಥೆಗೆ ಮಾರುವುದು, ಒಪ್ಪದ ಬಾಂಡುದಾರರಿಗೆ ಬರಿದಾದ ಹಳೆಯ ಸಂಸ್ಥೆಯನ್ನು ಬಿಡುವುದು! ಬಾಂಡಿನ ಪಾವತಿ ಷರತ್ತಿನಲ್ಲಿ ಒಂದಕ್ಷರವೂ ಬದಲಾಗದು. ಮಾರ್ಬಲ್‌ಗೇಟ್ ಎಂಬ ಹೂಡಿಕೆ ಸಂಸ್ಥೆ (ಬಡಪಾಯಿಯೇನಲ್ಲ, ಒಪ್ಪುತ್ತೇನೆ) ದಾವೆ ಹೂಡಿ ಕೆಳ ನ್ಯಾಯಾಲಯದಲ್ಲಿ ಗೆದ್ದಿತು. 2017ರ ಜನವರಿಯಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾಯಿದೆ ತಡೆಯುವುದು ಪಾವತಿಯ ಮೂಲ ಷರತ್ತುಗಳ ತಿದ್ದುಪಡಿಯನ್ನು ಮಾತ್ರ ಎಂದು ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಹೇಳಿದರು, ಮೂರನೆಯವರು ಒಪ್ಪಲಿಲ್ಲ.

ನಾನು ಆ ಮೂರನೆಯವರ ಪಕ್ಷ. ಪತ್ರದಲ್ಲಿ ಹಕ್ಕನ್ನು ಉಳಿಸಿ ಪೆಟ್ಟಿಗೆಯನ್ನು ಬರಿದು ಮಾಡಿದರೆ ಆ ಹಕ್ಕಿನಿಂದ ಏನು ಪ್ರಯೋಜನ? ಒಬ್ಬನ ಹಟದಿಂದ ಎಲ್ಲರೂ ಮುಳುಗಬಾರದೆಂಬ ವಾದದಲ್ಲಿಯೂ ಹುರುಳಿದೆ. ಅದಕ್ಕೆ ಬೇಕಾದುದು ದಿವಾಳಿಯ ಕಳಂಕವಿಲ್ಲದ, ಆದರೆ ನ್ಯಾಯಾಲಯದ ಕಣ್ಗಾವಲುಳ್ಳ ಇನ್ನೊಂದು ಮಾರ್ಗ. ಬ್ರಿಟನ್ 2020ರಲ್ಲಿ ಅಂತಹದೊಂದನ್ನು ತೆರೆಯಿತು. ಜರ್ಮನಿಯ ಆಡ್ಲರ್ ಸಮೂಹದ ಬಾಂಡುಗಳಿಗಾಗಿ ಆ ಮಾರ್ಗದಲ್ಲಿ ಸಿದ್ಧವಾದ ಯೋಜನೆಯೊಂದು, ಕೊನೆಯ ವಾಯಿದೆಯ ಬಾಂಡುದಾರರ ಮೇಲೆ ಹೆಚ್ಚಿನ ಅಪಾಯ ಹೊರಿಸಿದ್ದರಿಂದ, 2024ರ ಜನವರಿಯಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅಲ್ಲಿ ಒಪ್ಪದವರ ಮಾತನ್ನು ಕೇಳುವವರಿದ್ದರು.