ಘಾಟಿಯ ದಾರಿಗೆ ಅವಸರವಿಲ್ಲ



ಕಳೆದ ನವೆಂಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ನಮ್ಮ ಸಣ್ಣ ಕಾರಿನಲ್ಲಿ ಶಿವಮೊಗ್ಗದಿಂದ ಹೊರಟು, ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ಮಾರ್ಗವಾಗಿ ಮಲ್ಪೆಯ ಕಡಲನ್ನು ಕಂಡು ಅದೇ ದಿನ ಹಿಂದಿರುಗಿದೆವು. ಚಾಲಕರನ್ನು ಕರೆದುಕೊಂಡಿರಲಿಲ್ಲ, ಕಾರು ನಡೆಸಿದವನು ನಾನೇ. ಈ ಸಂಗತಿ ತಿಳಿದ ಮೇಲೆ ದೂರವಾಣಿಯಲ್ಲಿ ಮಾತನಾಡಿದ ಹಳೆಯ ವಿದ್ಯಾರ್ಥಿಗಳು ಬಹುತೇಕ ಒಂದೇ ಎರಡು ಪ್ರಶ್ನೆಗಳನ್ನು ಕೇಳಿದರು. ಮೊದಲನೆಯದು, “ಎಷ್ಟು ಹೊತ್ತು ಹಿಡಿಯಿತು ಸರ್?” ಎರಡನೆಯದು, “ಆ ಘಾಟಿ ರಸ್ತೆಯನ್ನು ಇನ್ನೂ ಅಗಲ ಮಾಡಿಲ್ಲವೇ?”

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಸುಮಾರು 160 ಕಿ.ಮೀ. ದಾರಿಗೆ, ಅಲ್ಲಲ್ಲಿ ನಿಂತು ಹೋದದ್ದರಿಂದ, ಆರು ಗಂಟೆ. ಎರಡನೆಯ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಹೇಳಿದರೆ ಸಾಲದು. ಆಗುಂಬೆಯ ಘಾಟಿ ರಸ್ತೆ ಕಿರಿದಾಗಿರುವುದು ಒಂದು ಕೊರತೆಯೆಂದು ನನಗೆ ಅನ್ನಿಸುವುದಿಲ್ಲ. ವಿಹಾರಕ್ಕೆ ಹೋಗುವ ನಮ್ಮಂಥವರಿಗಾಗಿ ಅದನ್ನು ಅಗಲಿಸಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದು ಹೇಳಬೇಕಾದರೆ ನಿಮ್ಮನ್ನು ಆ ದಾರಿಯಲ್ಲಿ ಒಮ್ಮೆ ಕರೆದುಕೊಂಡು ಹೋಗಬೇಕು.

ಸಮಾಜ ವಿಜ್ಞಾನವನ್ನು ಬೋಧಿಸಿದವನಿಗೆ ಈ ದಾರಿ ಒಂದು ತೆರೆದ ಪಠ್ಯಪುಸ್ತಕ. ಬೆಳಗಿನ ಐದೂವರೆಗೆ ಮನೆ ಬಿಟ್ಟರೆ ಗಾಜನೂರಿನ ಅಣೆಕಟ್ಟೆಯ ಬಳಿ ಬೆಳಕು ಹರಿಯುತ್ತದೆ. ಸಕ್ರೆಬೈಲಿನ ಆನೆ ಬಿಡಾರವನ್ನೂ ಮಂಡಗದ್ದೆಯ ಪಕ್ಷಿಧಾಮವನ್ನೂ ದಾಟಿ, ತುಂಗೆಯ ಜೊತೆಜೊತೆಗೇ ಸಾಗುತ್ತಾ ತೀರ್ಥಹಳ್ಳಿಯನ್ನು ತಲುಪುವಷ್ಟರಲ್ಲಿ ಮರಗಳ ಜಾತಿ ಬದಲಾಗಿರುತ್ತದೆ, ಗಾಳಿಯ ವಾಸನೆಯೂ ಬದಲಾಗಿರುತ್ತದೆ. ಅಲ್ಲಿ ಬಿಸಿ ಕಡುಬು, ಕಾಯಿಚಟ್ನಿ ಮುಗಿಸಿ ಹೊರಟೆವು. ಮುಂದೆ ಅಡಿಕೆ ತೋಟಗಳು ಬರಬರುತ್ತ ವಿರಳವಾಗಿ, ಕಾಡು ರಸ್ತೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಊರೆಂದು ನಿಮ್ಮಲ್ಲಿ ಅನೇಕರಿಗೆ ಅದು ಪರಿಚಿತ. ನನಗೆ ಮಾತ್ರ ಅದು ಮೊದಲಿಗೆ ಮಳೆಯ ಊರು. ಆರೋಹ ಮಳೆಯ ಪಾಠ ನೆನಪಿದೆಯೇ? ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯ ಮಾನ್ಸೂನ್ ಮಾರುತಗಳು ಗೋಡೆಯಂತೆ ನಿಂತ ಸಹ್ಯಾದ್ರಿಗೆ ಎದುರಾಗಿ ಮೇಲೇರುತ್ತವೆ. ಏರಿದಂತೆ ತಂಪಾಗಿ ಮಳೆ ಸುರಿಸುತ್ತವೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಬರಿಗೈಯಾಗಿರುತ್ತವೆ. ಆದ್ದರಿಂದಲೇ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಮಳೆ ನೆರಳಿನ ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದು. 1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4,508 ಮಿ.ಮೀ. ಮಳೆ ದಾಖಲಾಗಿತ್ತು. ಪರೀಕ್ಷೆಯಲ್ಲಿ ಐದು ಅಂಕಗಳಿಗೆ ಬರೆದು ಮರೆತ ಸಂಗತಿಯನ್ನು ಅಲ್ಲಿ ಮೈಮೇಲೆ ಅನುಭವಿಸಬಹುದು.

ಇಷ್ಟು ಮಳೆಯನ್ನು ಹಿಡಿದಿಡುವುದು ಕಾಡು. ಧೂಪ, ರಾಮಪತ್ರೆ, ಉಪ್ಪಾಗೆ, ಬೈನೆ, ಕಾಡುಹಲಸು, ಅವುಗಳ ಕೆಳಗೆ ಬೆತ್ತದ ಪೊದೆ, ಅದರ ಕೆಳಗೆ ಮೊಣಕಾಲು ಮುಳುಗುವಷ್ಟು ತರಗೆಲೆ. ಬಿರುಸಿನ ಹನಿ ಈ ಮೂರ್ನಾಲ್ಕು ಅಂತಸ್ತುಗಳನ್ನು ದಾಟಿ ಬರುವಾಗ ತನ್ನ ರಭಸವನ್ನು ಕಳೆದುಕೊಂಡು ಮೆಲ್ಲಗೆ ಮಣ್ಣಿಗಿಳಿಯುತ್ತದೆ. ಬೇಸಿಗೆಯಲ್ಲಿ ಒಸರಾಗಿ, ಹಳ್ಳವಾಗಿ ಹೊರಬರುತ್ತದೆ. ಆಗುಂಬೆಯ ಆಸುಪಾಸಿನಲ್ಲಿ ಬಿದ್ದ ಎರಡು ಹನಿಗಳನ್ನು ಊಹಿಸಿಕೊಳ್ಳಿ. ಒಂದು ಹನಿ ಮಾಲತಿ ಹೊಳೆಯ ಮೂಲಕ ತುಂಗೆಯನ್ನು ಸೇರಿ, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಕೃಷ್ಣೆಯಾಗಿ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಅದರ ಪಕ್ಕದ ಹನಿ ಘಟ್ಟದ ಅಂಚಿನಿಂದ ಕೆಳಗೆ ಜಾರಿ ಸೀತಾ ನದಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಶಿವಮೊಗ್ಗದ ನಲ್ಲಿಯ ನೀರಿಗೂ ಕರಾವಳಿಯ ಗದ್ದೆಯ ನೀರಿಗೂ ತವರು ಒಂದೇ.

ಊರು ದಾಟಿದ ಮೇಲೆ ಘಾಟಿ. ರಾಷ್ಟ್ರೀಯ ಹೆದ್ದಾರಿ 169ಎ ಎಂಬ ದೊಡ್ಡ ಹೆಸರಿದ್ದರೂ ಇಲ್ಲಿ ಅದು ಮರಗಳ ನಡುವಿನ ಓಣಿ. ಎಣಿಸಿದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಆಚೆ ಬದಿಯ ಮರದ ಕೊಂಬೆ ಈಚೆ ಬದಿಯ ಕೊಂಬೆಯನ್ನು ಮುಟ್ಟುವ ಕಡೆಗಳಿವೆ. ನಮಗೆ ಅದು ನೆರಳು; ಸಿಂಗಳೀಕಕ್ಕೆ ಅದು ಸೇತುವೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಸಹಜವಾಗಿ ಕಾಣಸಿಗದ ಈ ಪ್ರಾಣಿ ಮರದ ಮೇಲೆಯೇ ಬಾಳುವಂಥದು. ಕೊಂಬೆಗಳ ನಂಟು ಕಡಿದುಹೋದರೆ ಮಾತ್ರ ನೆಲಕ್ಕಿಳಿದು ರಸ್ತೆ ದಾಟಬೇಕಾಗುತ್ತದೆ. ‘ಕರ್ವಾಲೊ’ ಓದಿದವರಿಗೆ ನೆನಪಿರುವ ಹಾರುವ ಓತಿಯೂ ಈ ಕಾಡುಗಳ ನಿವಾಸಿ. ತರಗೆಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುವ ಕಾಳಿಂಗ ಸರ್ಪವೂ ಇಲ್ಲಿಯದೇ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಸುಮ್ಮನೆ ಅಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಗುಂಬೆಯ ಮೀಸಲು ಅರಣ್ಯವೂ ಸೋಮೇಶ್ವರ ವನ್ಯಜೀವಿಧಾಮವೂ ಅವುಗಳಲ್ಲಿದ್ದವು.

ಘಾಟಿ ಇಳಿದು ಸೋಮೇಶ್ವರ, ಸೀತಾನದಿ, ಹೆಬ್ರಿ. ಇಲ್ಲಿಂದ ಮಣ್ಣಿನ ಬಣ್ಣ ಕೆಂಪು, ಮನೆಗಳ ಗೋಡೆ ಕೆಂಪು ಕಲ್ಲು, ತೆಂಗು ಎತ್ತರ. ಉಡುಪಿ ದಾಟಿದರೆ ಮಲ್ಪೆ. ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನು ನಿಷೇಧಿಸಿ ಮೀನಿಗೆ ಸಂತಾನ ಬೆಳೆಸಲು ಬಿಡುವು ಕೊಡುವ ಪದ್ಧತಿ ಇಲ್ಲಿದೆ. ಕಡಲನ್ನೇ ನಂಬಿದ ಜನ ಎರಡು ತಿಂಗಳು ಕಾಯುವುದನ್ನು ಒಪ್ಪಿಕೊಂಡಿದ್ದಾರೆ. ಕಾರಿನಲ್ಲಿ ಕುಳಿತ ನಮಗೆ ಎರಡು ನಿಮಿಷ ಕಾಯುವುದು ಕಷ್ಟವಾಗಿದೆ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬಂದೆವು. ಕಂಬಗಳನ್ನು ಕಡೆದು ಜೋಡಿಸಿಟ್ಟಂತೆ ಕಾಣುವ ಅಲ್ಲಿನ ಶಿಲೆಗಳು ಜ್ವಾಲಾಮುಖಿಯ ಲಾವಾರಸ ತಣಿದು ಬಿರುಕುಬಿಟ್ಟು ಆದವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲಕ್ಕೆ ಸೇರಿದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಕಲ್ಲಿನ ಮೇಲೆ ಕುಳಿತವನಿಗೆ ಘಾಟಿಯಲ್ಲಿ ಉಳಿಸಬಹುದಾದ ಇಪ್ಪತ್ತು ನಿಮಿಷ ದೊಡ್ಡ ಲಾಭವಾಗಿ ಕಾಣಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ರಸ್ತೆಯನ್ನು ಅಗಲಿಸುವುದೆಂದರೆ ಡಾಂಬರು ಹೆಚ್ಚು ಹಾಕುವುದಷ್ಟೇ ಅಲ್ಲ. ಘಟ್ಟದಲ್ಲಿ ಒಂದು ಮಾರು ಜಾಗ ಬೇಕಾದರೆ ಗುಡ್ಡದ ಬುಡವನ್ನು ಕಡಿಯಬೇಕು. ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗಿ ಜರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಕೊಚ್ಚಿಕೊಂಡು ಗಂಗಾವಳಿ ನದಿಗೆ ಹೋದುದನ್ನು ಮರೆತವರಾರು? ಅಲ್ಲಿದ್ದುದು ಕಿರಿದಾದ ಹಳೆಯ ದಾರಿಯಲ್ಲ, ಅಗಲಿಸಿದ ಹೆದ್ದಾರಿ. ಆಗುಂಬೆ ಘಾಟಿಯಲ್ಲಿಯೂ 2022ರ ಜುಲೈ ಮಳೆಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಿತ್ತು. ಗುಡ್ಡ ನಮಗೆ ಎಚ್ಚರಿಕೆ ಹೇಳುತ್ತಲೇ ಇದೆ.

ಇಲ್ಲಿ ಎದುರಾಗುವ ಒಂದು ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲದ ಆಸ್ಪತ್ರೆಗೆ ಧಾವಿಸುವುದು ಈ ಘಾಟಿಯಲ್ಲೇ. ಎದೆನೋವಿನ ರೋಗಿಯನ್ನು ಮಲಗಿಸಿಕೊಂಡು ಹದಿನಾಲ್ಕು ತಿರುವು ಇಳಿಯುವವರ ಸಂಕಟ ನನಗೆ ಗೊತ್ತು. ನನ್ನ ಸೋದರಮಾವನನ್ನು ಹಾಗೆ ಕರೆದೊಯ್ದ ರಾತ್ರಿ ನಾನು ವಾಹನದಲ್ಲಿದ್ದೆ. ಆ ರಾತ್ರಿ ನಮ್ಮನ್ನು ತಡೆದದ್ದು ರಸ್ತೆಯ ಅಗಲವಲ್ಲ. ತಿರುವಿನಲ್ಲಿ ಅಡ್ಡಾದಿಡ್ಡಿ ನುಗ್ಗಿ, ಹಿಂದೆ ಸರಿಯಲೂ ಒಪ್ಪದೆ ನಿಂತಿದ್ದ ಎರಡು ವಿಹಾರದ ಕಾರುಗಳು. ರೋಗಿಯ ಹೆಸರು ಹೇಳಿ ಪ್ರವಾಸಿಗೆ ರಸ್ತೆ ಮಾಡಿಸುವುದು ನ್ಯಾಯವಲ್ಲ ಎಂದು ನಾನು ಹೇಳುವುದು ಅದಕ್ಕಾಗಿ.

ಹಾಗಾದರೆ ಏನು ಮಾಡಬೇಕು? ಇರುವ ರಸ್ತೆಯ ಚರಂಡಿಗಳನ್ನು ಮಳೆಗಾಲಕ್ಕೆ ಮೊದಲೇ ಶುಚಿಗೊಳಿಸಬೇಕು, ತಡೆಗೋಡೆಗಳನ್ನು ಭದ್ರಪಡಿಸಬೇಕು, ಭಾರೀ ವಾಹನಗಳ ಮೇಲಿನ ನಿರ್ಬಂಧವನ್ನು ಸಡಿಲಿಸದೆ ಪಾಲಿಸಬೇಕು. ರಜಾದಿನಗಳಲ್ಲಿ ಘಾಟಿಯ ಎರಡೂ ತುದಿಗಳಲ್ಲಿ ಸಂಚಾರವನ್ನು ನಿಯಂತ್ರಿಸಿ ಆಂಬ್ಯುಲೆನ್ಸಿಗೆ ಮೊದಲ ದಾರಿ ದೊರೆಯುವಂತೆ ಮಾಡಬೇಕು. ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರು ಇರುವಂತೆ ನೋಡಿಕೊಂಡರೆ ಅರ್ಧದಷ್ಟು ಓಡಾಟವೇ ತಪ್ಪೀತು. ಸುರಂಗ ಮಾರ್ಗದ ಮಾತು ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ತೀರ್ಮಾನಿಸುವವರು ಗುಡ್ಡದೊಳಗಿನ ಜಲದ ಒರತೆಗಳಿಗೆ ಏನಾಗುವುದೆಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ.

ಉಳಿದದ್ದು ನಮ್ಮ ಪಾಲಿನ ಕೆಲಸ. ಮೇಷ್ಟ್ರ ಚಾಳಿ ಬಿಡದು, ಆದ್ದರಿಂದ ನಾಲ್ಕು ಮಾತು ಹೇಳುತ್ತೇನೆ. ಘಾಟಿ ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಬ್ರೇಕನ್ನೇ ನಂಬಿ, ಗೇರು ತಪ್ಪಿಸಿ ಜಾರಿಬಿಡಬೇಡಿ. ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಸೌಜನ್ಯ ಮಾತ್ರವಲ್ಲ, ಸಂಚಾರ ನಿಯಮ. ತಿರುವಿನಲ್ಲಿ ಹಾರ್ನ್ ಒಮ್ಮೆ ಸಾಕು. ತಿರುವಿನಲ್ಲಿ ನಿಂತು ಫೋಟೋ ತೆಗೆಯುವುದು ಬೇಡವೇ ಬೇಡ. ಮಂಗಗಳಿಗೆ ಚಿಪ್ಸ್, ಬಿಸ್ಕತ್ತು ಎಸೆಯಬೇಡಿ. ಎಸೆದವರು ಮುಂದೆ ಹೋಗುತ್ತಾರೆ, ಅದೇ ಆಸೆಗೆ ರಸ್ತೆಯಲ್ಲಿ ಕೂರುವ ಮರಿ ಹಿಂದಿನ ಚಕ್ರಕ್ಕೆ ಸಿಗುತ್ತದೆ. ನಾನು ಅಂದು ಅಂಥದೊಂದು ಮರಿಯನ್ನು ರಸ್ತೆಯಂಚಿನಲ್ಲಿ ಕಂಡೆ. ತಾಯಿ ಇನ್ನೂ ಪಕ್ಕದಲ್ಲೇ ಕುಳಿತಿತ್ತು. ನಮ್ಮಿಬ್ಬರಿಗೂ ಹೆಬ್ರಿಯವರೆಗೆ ಮಾತು ಹೊರಡಲಿಲ್ಲ.

ಕತ್ತಲಾಗುವ ಮೊದಲೇ ಘಾಟಿ ಏರಿಬಿಡಬೇಕೆಂದು ಮೂರು ಗಂಟೆಗೆ ಉಡುಪಿ ಬಿಟ್ಟೆವು. ಮೇಲೆ ಸೂರ್ಯಾಸ್ತದ ಕಟ್ಟೆಯ ಬಳಿ ನಿಂತಾಗ, ಮಧ್ಯಾಹ್ನ ನಾವು ಕಾಲು ತೊಳೆದ ಕಡಲು ಪಶ್ಚಿಮದ ಅಂಚಿನಲ್ಲಿ ಒಂದು ಬೆಳ್ಳಿಗೆರೆಯಾಗಿ ಹೊಳೆಯುತ್ತಿತ್ತು. ಅದಕ್ಕೂ ನಮಗೂ ನಡುವೆ ಎಡೆಬಿಡದ ಹಸಿರು. ಆ ಹಸಿರಿನಲ್ಲಿ ರಸ್ತೆ ಎಲ್ಲಿದೆಯೆಂದು ಹುಡುಕಿದೆ, ಕಾಣಲಿಲ್ಲ. ಕಾಡಿನ ನಡುವೆ ಹಾಯುವ ರಸ್ತೆ ಹಾಗೆಯೇ ಇರಬೇಕು.

ನೀವು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ರಜೆಗೆ ಬಂದಾಗ ಈ ದಾರಿಯಲ್ಲಿ ಖಂಡಿತ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಒಂದು ದಿನ ಪೂರ್ತಿ ಇಟ್ಟುಕೊಂಡು ಹೋಗಿ. ರಸ್ತೆಯನ್ನು ನಮ್ಮ ಅವಸರಕ್ಕೆ ತಕ್ಕಂತೆ ಹಿಗ್ಗಿಸುವುದಕ್ಕಿಂತ ನಮ್ಮ ವ್ಯವಧಾನವನ್ನು ಆ ರಸ್ತೆಗೆ ತಕ್ಕಂತೆ ಹಿಗ್ಗಿಸಿಕೊಳ್ಳುವುದು ಸುಲಭ, ಖರ್ಚೂ ಇಲ್ಲ. ಘಟ್ಟದ ಮೇಲೂ ಕೆಳಗೂ ಬಾಳುವ ನಿಮ್ಮಲ್ಲಿ ಕೆಲವರಿಗೆ ಬೇರೆ ಅಭಿಪ್ರಾಯವಿರಬಹುದು; ದಿನನಿತ್ಯ ಆ ದಾರಿಯನ್ನು ಬಳಸುವವರ ಮಾತಿಗೆ ನನ್ನ ಮಾತಿಗಿಂತ ಹೆಚ್ಚು ತೂಕವಿದೆ. ಸಂಕೋಚವಿಲ್ಲದೆ ಬರೆಯಿರಿ, ಓದಲು ಕಾದಿರುತ್ತೇನೆ.