ವಾದ್ಯಕ್ಕೆ ಹಣವುಂಟು, ವಿದ್ಯೆಗಿಲ್ಲ

ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ನಮ್ಮ ಸುಳ್ಯ ಸೀಮೆಯ ಕ್ರೈಸ್ತ ಮನೆಗಳಲ್ಲಿ ಯಾವ ಚರ್ಚೆ ನಡೆಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನರ್ಸಿಂಗೋ, ಇಂಜಿನಿಯರಿಂಗೋ, ಬಿ.ಕಾಂ.ಓ? ಸುಳ್ಯವಂತೂ ವಿದ್ಯೆಯಿಂದಲೇ ಹೆಸರಾದ ಊರು. ಡಾ. ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜನ್ನೂ 1986ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಇಲ್ಲಿ ತೆರೆದರು. ಆಯುರ್ವೇದ, ದಂತ ಹಾಗೂ ವೈದ್ಯಕೀಯ ವಿದ್ಯಾಲಯಗಳೂ ಬಂದವು. ಅಡಿಕೆ, ರಬ್ಬರ್ ತೋಟಗಳ ನಡುವಿನ ಈ ಪುಟ್ಟ ಪಟ್ಟಣಕ್ಕೆ ದೂರದೂರದ ಮಕ್ಕಳು ಓದಲು ಬರುತ್ತಾರೆ. ಇಷ್ಟೆಲ್ಲ ವಿದ್ಯೆಗಳ ಮಾತು ನಡೆಯುವ ನಮ್ಮ ಮನೆಗಳಲ್ಲಿ ಒಂದು ವಿದ್ಯೆಯ ಹೆಸರು ಮಾತ್ರ ಕೇಳಿಬರುವುದಿಲ್ಲ. ಅದು ಸಂಗೀತ.

ಹಾಡನ್ನು ನಾವು ಪ್ರೀತಿಸುವುದಿಲ್ಲವೆಂದು ಯಾರೂ ಹೇಳಲಾರರು. ಕ್ರಿಸ್ತಜಯಂತಿ ಬಂದರೆ ಗಾಯನವೃಂದಕ್ಕೆ ಹೊಸ ಉಡುಪು. ವಾರ್ಷಿಕ ಹಬ್ಬ ಬಂದರೆ ಹೊಸ ಕೀಬೋರ್ಡು, ಹೊಸ ಧ್ವನಿವರ್ಧಕ. ದಾನಿಗಳ ಹೆಸರನ್ನು ಬಲಿಪೂಜೆಯ ಕೊನೆಯಲ್ಲಿ ಓದಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಕೀಬೋರ್ಡನ್ನು ನುಡಿಸುವ ಹುಡುಗ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿಯಲು ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ ಎಂದರೆ ತಂದೆಯ ಮುಖ ಕಪ್ಪಿಡುತ್ತದೆ, ತಾಯಿ ಧರ್ಮಗುರುಗಳ ಬಳಿ ಬುದ್ಧಿ ಹೇಳಿಸಲು ಕರೆದೊಯ್ಯುತ್ತಾಳೆ. ವಾದ್ಯಕ್ಕೆ ಹಣವುಂಟು, ವಿದ್ಯೆಗಿಲ್ಲ. ಇದು ನ್ಯಾಯವೇ ಎಂದು ನಿಮ್ಮನ್ನು ಕೇಳುವುದಕ್ಕಾಗಿಯೇ ಈ ಲೇಖನ.

ಮೊದಲಿಗೆ, ಸಂಗೀತಶಾಸ್ತ್ರವೆಂದರೇನು ಎಂಬುದನ್ನು ತಿಳಿಯೋಣ. ಕೇಳಿದ ಹಾಡನ್ನು ಹಾಗೆಯೇ ಹಾಡುವುದು ಅಭ್ಯಾಸ. ಕೇಳಿದ್ದನ್ನು ಸ್ವರಲಿಪಿಯಲ್ಲಿ ಬರೆದಿಡುವುದು, ಹಿಂದೆಂದೂ ಕೇಳಿರದ ಹಾಡನ್ನು ಲಿಪಿ ನೋಡಿಯೇ ಹಾಡುವುದು, ರಾಗದ ಲಕ್ಷಣವನ್ನೂ ತಾಳದ ಅಂಗಗಳನ್ನೂ ಗುರುತಿಸುವುದು, ಒಂದೇ ಹಾಡಿಗೆ ಸ್ತ್ರೀಯರ ಎರಡು, ಪುರುಷರ ಎರಡು ಧ್ವನಿಗಳು ಹೊಂದಿ ನಡೆಯುವಂತೆ ನಾಲ್ಕು ಸಾಲುಗಳನ್ನು ರಚಿಸುವುದು, ಈ ರಾಗ ಈ ಮಾತಿಗೆ ಏಕೆ ಒಗ್ಗಿತು, ಏಕೆ ಒಗ್ಗಲಿಲ್ಲ ಎಂದು ಕಾರಣ ಕೊಟ್ಟು ಹೇಳುವುದು ವಿದ್ಯೆ. ಕಿವಿಯನ್ನೂ ಬುದ್ಧಿಯನ್ನೂ ಒಟ್ಟಿಗೆ ಹದಗೊಳಿಸುವ ಈ ಶಿಕ್ಷಣ ಭಾನುವಾರ ಅರ್ಧ ಗಂಟೆಯ ತಾಲೀಮಿನಿಂದ ಬರುವಂಥದಲ್ಲ; ಅದಕ್ಕೆ ವರ್ಷಗಳು ಬೇಕು, ಗುರು ಬೇಕು, ಗ್ರಂಥಾಲಯ ಬೇಕು.

ಈ ವಿದ್ಯೆ ಇಲ್ಲದಿರುವುದರಿಂದ ಆಗುತ್ತಿರುವ ನಷ್ಟವೇನು? ನಮ್ಮ ಭಾಗದಲ್ಲಿ ಬಹುಪಾಲು ಕನ್ನಡ ಭಕ್ತಿಗೀತೆಗಳು ಕೊಂಕಣಿಯ, ಮಲಯಾಳದ ಅಥವಾ ಇಂಗ್ಲಿಷಿನ ರಾಗಕ್ಕೆ ಕೂಡಿಸಿದ ಮಾತುಗಳು. ಕನ್ನಡದಲ್ಲಿ ಹ್ರಸ್ವ, ದೀರ್ಘಗಳ ವ್ಯತ್ಯಾಸವೇ ಅರ್ಥದ ವ್ಯತ್ಯಾಸ. ‘ಪದ’ವೆಂದರೆ ಮಾತು, ‘ಪಾದ’ವೆಂದರೆ ಕಾಲು. ‘ಬಲ’ವೆಂದರೆ ಶಕ್ತಿ, ಅದರ ಮೊದಲಕ್ಷರವನ್ನು ಎಳೆದರೆ ‘ಬಾಲ’. ದೀರ್ಘ ಸ್ವರವಿರುವ ಜಾಗದಲ್ಲಿ ಹ್ರಸ್ವಾಕ್ಷರವನ್ನು ಕೂರಿಸಿದಾಗ ದೇವರ ಬಲವನ್ನು ಸ್ತುತಿಸಹೊರಟ ಸಭೆ ಏನನ್ನು ಸ್ತುತಿಸಿದಂತಾಯಿತೆಂದು ನೀವೇ ಊಹಿಸಿ. ಹಾಡಿನಲ್ಲಿ ಅಕ್ಷರವನ್ನು ಎಳೆಯಲೇಬಾರದೆಂದಲ್ಲ. ಎಲ್ಲಿ ಎಳೆದರೆ ಮಾತು ಉಳಿಯುತ್ತದೆ, ಎಲ್ಲಿ ಎಳೆದರೆ ಕೆಡುತ್ತದೆ ಎಂಬುದನ್ನು ಬಲ್ಲವರು ಬೇಕು.

ಆ ಬಲ್ಲವರು ಈ ಮಣ್ಣಿನಲ್ಲಿ ಇದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ಲರನ್ನು ನಾವು ನಿಘಂಟುಕಾರರೆಂದು ಮಾತ್ರ ಸ್ಮರಿಸುತ್ತೇವೆ. ಆದರೆ 1894ರಲ್ಲಿ ನಿಘಂಟು ಹೊರಬರುವುದಕ್ಕೆ ಬಹಳ ಮುಂಚೆಯೇ, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದ್ದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದ ಒಬ್ಬ ಬೋಧಕ ಕನ್ನಡದ ಹಾಡು ಕಟ್ಟುವ ಮುನ್ನ ಕನ್ನಡದ ಛಂದಶ್ಶಾಸ್ತ್ರವನ್ನು ಓದಬೇಕೆಂದು ತಿಳಿದಿದ್ದನು. ಇಲ್ಲಿಯೇ ಹುಟ್ಟಿ ಬೆಳೆದ ನಾವು ಆ ಶ್ರಮ ಬೇಡವೆಂದುಕೊಂಡಿದ್ದೇವೆ.

ಇನ್ನು ವಾದ್ಯದ ಮಾತು. ಒಂದೇ ಶ್ರುತಿಯಲ್ಲಿ ನುಡಿಸಲು ಕಲಿತು, ಶ್ರುತಿ ಬದಲಿಸಬೇಕಾದಾಗ ‘ಟ್ರಾನ್ಸ್‌ಪೋಸ್’ ಗುಂಡಿ ಒತ್ತುವುದು, ತಾಳವನ್ನು ಯಂತ್ರಕ್ಕೆ ಬಿಟ್ಟುಬಿಡುವುದು, ಅದೂ ಆಗದಿದ್ದರೆ ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿ ಅದರ ಹಿಂದೆ ಸಭೆ ಓಡುವುದು ಹಲವೆಡೆ ಕಾಣುವ ದೃಶ್ಯ. ಸಂಬಳವಿಲ್ಲದೆ, ಮಳೆಗಾಲದಲ್ಲಿ ಒದ್ದೆಯಾಗಿ ಬಂದು ಸೇವೆ ಮಾಡುವ ಯುವಕ ಯುವತಿಯರನ್ನು ಇದಕ್ಕಾಗಿ ಎಳ್ಳಷ್ಟೂ ದೂರಲಾಗದು. ಕಲಿಸದೆ ಕೆಲಸ ಮಾಡಿಸಿಕೊಳ್ಳುವ ಪದ್ಧತಿಯನ್ನು ದೂರಬೇಕು. ನೆರೆಮನೆಯ ಮಕ್ಕಳು ಯಕ್ಷಗಾನ ತರಗತಿಗೆ ಹೋಗಿ ಏಕ, ರೂಪಕ, ಝಂಪೆ, ತ್ರಿವುಡೆ ಎಂದು ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ಹೇಳಿ ಕಲಿಯುತ್ತಾರೆ. ಅದೇ ಊರಿನ ನಮ್ಮ ಮಕ್ಕಳಿಗೆ ತಾವು ಪ್ರತಿವಾರ ಹಾಡುವ ಸ್ತೋತ್ರ ಯಾವ ತಾಳದಲ್ಲಿದೆ ಎಂಬುದೇ ತಿಳಿಯದು.

ಇದಕ್ಕಿಂತಲೂ ದೊಡ್ಡ ನಷ್ಟವೊಂದು ಸದ್ದಿಲ್ಲದೆ ನಡೆಯುತ್ತಿದೆ. ಸುಳ್ಯ, ಪುತ್ತೂರು, ಕಡಬ ಸೀಮೆಯಲ್ಲಿ ಕಥೋಲಿಕ ಧರ್ಮಸಭೆಯ ಮೂರು ಆರಾಧನಾ ಪರಂಪರೆಗಳು ಒಂದರ ಪಕ್ಕದಲ್ಲಿ ಒಂದು ಬದುಕಿವೆ: ಮಂಗಳೂರು ಧರ್ಮಪ್ರಾಂತ್ಯದ ಲತೀನ್ ವಿಧಿ, 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ ಮಲಬಾರ್ ವಿಧಿ, 2010ರಲ್ಲಿ ಸ್ಥಾಪನೆಯಾದ ಪುತ್ತೂರು ಧರ್ಮಪ್ರಾಂತ್ಯದ ಸಿರೋ ಮಲಂಕರ ವಿಧಿ. ಮಲಂಕರ ಸಂಪ್ರದಾಯದ ಪ್ರಾರ್ಥನೆಗಳು ಎಂಟು ರಾಗಕ್ರಮಗಳಲ್ಲಿ ವಾರದಿಂದ ವಾರಕ್ಕೆ ಸುತ್ತುತ್ತವೆ. ಆ ರಾಗಗಳ ಸಂಗ್ರಹಕ್ಕೆ ಸಿರಿಯಾಕ್ ಭಾಷೆಯಲ್ಲಿ ‘ಬೇತ್ ಗಾಜೋ’, ಅಂದರೆ ಭಂಡಾರದ ಮನೆ, ಎಂದು ಹೆಸರು. ಕೊಂಕಣಿ ಮನೆಗಳಲ್ಲಿ ತಪಸ್ಸುಕಾಲದ ಹಳೆಯ ಹಾಡುಗಳಿವೆ. ಇವನ್ನೆಲ್ಲ ಕಂಠದಲ್ಲಿ ಹೊತ್ತ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಆದರೆ ಅದನ್ನು ಸ್ವರಲಿಪಿಯಲ್ಲಿ ಬರೆದು, ಪಾಠಾಂತರಗಳನ್ನು ಹೋಲಿಸಿ, ಮುಂದಿನ ತಲೆಮಾರು ಕನ್ನಡದಲ್ಲಿ ಹಾಡುವಂತೆ ಅಳವಡಿಸಲು ಸಂಗೀತಶಾಸ್ತ್ರ ಓದಿದವರೇ ಬೇಕು.

ಇದು ಬರಿಯ ಕನಸಲ್ಲ. ಕೇರಳದ ಸಿರೋ ಮಲಬಾರ್ ಧರ್ಮಸಭೆಯ ಆರಾಧನೆ 1962ರಲ್ಲಿ ಸಿರಿಯಾಕ್‌ನಿಂದ ಮಲಯಾಳಕ್ಕೆ ಬಂದಾಗ ಹಳೆಯ ಗಾನಪರಂಪರೆ ಹಿಂದೆ ಸರಿಯಿತು. ಸಿ.ಎಂ.ಐ. ಸಭೆಯ ಫಾದರ್ ಜೋಸೆಫ್ ಪಾಲಕ್ಕಲ್ ಅದನ್ನು ಬಲ್ಲ ಹಿರಿಯರನ್ನು ಹುಡುಕಿ, ಅವರ ಕಂಠದಿಂದ ದಾಖಲಿಸುವ ಕೆಲಸಕ್ಕೆ ಕೈಹಾಕಿದರು. 1999ರಲ್ಲಿ ಭಾರತದ ಕ್ರೈಸ್ತ ಸಂಗೀತಶಾಸ್ತ್ರ ಸಂಘವನ್ನು ಸ್ಥಾಪಿಸಿದರು. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಭಾರತದ ಸಿರಿಯಾಕ್ ಗಾನವನ್ನೇ ಕುರಿತು 2005ರಲ್ಲಿ ಡಾಕ್ಟರೇಟ್ ಪಡೆದರು. ಅವರನ್ನು ‘ಪಾದ್ರಿಗೆ ಸಂಗೀತದ ಓದು ಏಕೆ’ ಎಂದು ತಡೆದಿದ್ದರೆ, ಇಂದು ದೊರೆಯುವ ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವು?

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರೋಣ.

“ಪ್ರತಿಭೆ ದೇವರ ವರ, ಅದಕ್ಕೆ ಶಾಸ್ತ್ರವೇಕೆ?” ಅಡಿಕೆ ಮರವೂ ದೇವರ ವರವೇ. ಹಾಗೆಂದು ಕೊಳೆರೋಗಕ್ಕೆ ಪ್ರಾರ್ಥನೆಯೊಂದೇ ಸಾಕೆಂದು ಯಾವ ಕೃಷಿಕನೂ ಸುಮ್ಮನೆ ಕೂರುವುದಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂದು ಅಳೆದು ಬೋರ್ಡೋ ದ್ರಾವಣ ಸಿದ್ಧಪಡಿಸುತ್ತಾನೆ. ಹಳದಿ ಎಲೆ ರೋಗ ತೋಟವನ್ನು ನುಂಗತೊಡಗಿದಾಗ ವಿಟ್ಲದ ಸಂಶೋಧನಾ ಕೇಂದ್ರದತ್ತ ನೋಡುತ್ತಾನೆ. ತೋಟಕ್ಕೆ ಬೇಕಾದ ವಿಜ್ಞಾನ ದೇವಾಲಯದ ಹಾಡಿಗೆ ಬೇಡವೆ? ಪವಿತ್ರ ಗ್ರಂಥವನ್ನೇ ತೆರೆದು ನೋಡಿ. ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥದ 25ನೆಯ ಅಧ್ಯಾಯದಲ್ಲಿ ದಾವೀದನು ದೇವಾಲಯದ ಗಾನಸೇವೆಗೆ ನೇಮಿಸಿದವರ ಲೆಕ್ಕವಿದೆ: 288 ಮಂದಿ, ಎಲ್ಲರೂ ಕಲಿತವರು, ನುರಿತವರು. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಆತ್ಮದಿಂದ ಹಾಡುವುದರ ಜೊತೆಗೆ ಬುದ್ಧಿಯಿಂದಲೂ ಹಾಡಬೇಕೆನ್ನುತ್ತಾನೆ. ಇಂದು ಜಗತ್ತೆಲ್ಲ ಬಳಸುವ ದೋ-ರೆ-ಮಿ ಪದ್ಧತಿಯ ಮೂಲವೂ ಚರ್ಚಿನ ಗಾಯನಪಾಠವೇ. ಸುಮಾರು ಸಾವಿರ ವರ್ಷಗಳ ಹಿಂದೆ ಇಟಲಿಯ ಸನ್ಯಾಸಿ ಅರೆಝೊದ ಗೀದೊ, ಸ್ನಾನಿಕ ಸಂತ ಯೊವಾನ್ನರ ಸ್ತೋತ್ರವೊಂದರ ಸಾಲುಗಳ ಮೊದಲಕ್ಷರಗಳನ್ನೇ ಸ್ವರಗಳಿಗೆ ಹೆಸರಾಗಿಸಿದನು. ಹತ್ತು ವರ್ಷ ಹಿಡಿಯುತ್ತಿದ್ದ ಗಾಯನಶಿಕ್ಷಣವನ್ನು ಒಂದೆರಡು ವರ್ಷಗಳಲ್ಲಿ ಮುಗಿಸಬಲ್ಲೆನೆಂಬುದು ಅವನ ಹೆಮ್ಮೆ. ಶಾಸ್ತ್ರವೆಂಬುದು ಭಕ್ತಿಗೆ ಅಡ್ಡಿಯಲ್ಲ, ಅಡ್ಡದಾರಿಯೂ ಅಲ್ಲ. ಅದು ಹತ್ತಿರದ ದಾರಿ.

“ಗಂಗೂಬಾಯಿ ಹಾನಗಲ್ ಯಾವ ಪದವಿ ಪಡೆದಿದ್ದರು?” ನಿಜ, ಅವರ ಶಾಲೆಯ ಓದು ಐದನೆಯ ತರಗತಿಗೆ ನಿಂತಿತು. ಆದರೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ, ಸವಾಯಿ ಗಂಧರ್ವರ ಮುಂದೆ ವರ್ಷಗಟ್ಟಲೆ ಕುಳಿತು ಅವರು ಕಲಿತದ್ದು ಯಾವ ಪದವಿಗೂ ಕಡಿಮೆಯದಲ್ಲ. ಗುರುವಿನ ಮನೆಯೇ ಅವರ ವಿಶ್ವವಿದ್ಯಾಲಯ. ಮುಂದೆ ಅವರೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು. ಇಂದು ಮೈಸೂರಿನಲ್ಲಿ ರಾಜ್ಯದ ಸಂಗೀತ ವಿಶ್ವವಿದ್ಯಾಲಯವೇ ಅವರ ಹೆಸರಿನಲ್ಲಿದೆ. ನಮ್ಮ ಮಕ್ಕಳಿಗೆ ಅಂಥ ಗುರುಮನೆ ಹತ್ತಿರದಲ್ಲಿ ಇಲ್ಲದಿದ್ದರೆ, ಅವರನ್ನು ಗುರುಗಳಿರುವಲ್ಲಿಗೆ ಕಳುಹಿಸುವುದಲ್ಲದೆ ಬೇರೆ ದಾರಿ ಯಾವುದು?

“ಯೂಟ್ಯೂಬಿನಲ್ಲಿ ಎಲ್ಲವೂ ಇದೆಯಲ್ಲ?” ಇದೆ. ಔಷಧಗಳ ವಿವರವೂ ಅಲ್ಲಿದೆ. ಅದನ್ನು ನೋಡಿ ವೈದ್ಯನಾದವನ ಬಳಿ ನೀವು ಹೋಗುವಿರಾ? ತಪ್ಪನ್ನು ಕೇಳಿ ತಿದ್ದುವ ಕಿವಿ ಯಂತ್ರದಲ್ಲಿ ಕುಳಿತ ಪಾಠಕ್ಕಿಲ್ಲ.

“ಹೊಟ್ಟೆಗೇನು?” ಇದು ಗಂಭೀರ ಪ್ರಶ್ನೆ, ಹಗುರವಾಗಿ ಉತ್ತರಿಸಿದರೆ ತಂದೆತಾಯಿಯರಿಗೆ ಅನ್ಯಾಯ. ಸಂಗೀತ ಪದವೀಧರನಿಗೆ ನರ್ಸಿಂಗ್ ಓದಿದವರಷ್ಟು ಸುಲಭವಾಗಿ ಕೆಲಸ ಸಿಗದು. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ವಿರಳ. ನಗರಗಳಲ್ಲಿ ಬೋಧನೆ, ಧ್ವನಿಮುದ್ರಣ, ಸಂಗೀತ ಸಂಯೋಜನೆ ಮೊದಲಾದ ಅವಕಾಶಗಳಿವೆ, ಆದರೆ ಅಲ್ಲಿ ನೆಲೆಯೂರಲು ವರ್ಷಗಳು ಬೇಕು. ಆದ್ದರಿಂದಲೇ ಈ ಭಾರವನ್ನು ಒಂದು ಬಡ ಕುಟುಂಬದ ಹೆಗಲಿಗೆ ಹೊರಿಸಬಾರದು. ಆ ವಿದ್ಯೆಯ ಫಲವನ್ನು ಸಭೆ ಉಣ್ಣುವುದಾದರೆ ಅದರ ಬೆಲೆಯನ್ನೂ ಸಭೆಯೇ ತೆರಬೇಕು. ಗುರುಮಠಕ್ಕೆ ಹೋಗುವ ಹುಡುಗನ ಖರ್ಚನ್ನು ಹೊರಲು ನಾವು ಹಿಂಜರಿಯುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನದಲ್ಲಿ ಒಂದು ಅಧ್ಯಾಯವನ್ನೇ ಪವಿತ್ರ ಸಂಗೀತಕ್ಕೆ ಮೀಸಲಿಟ್ಟು, ಗುರುಮಠಗಳಲ್ಲಿ ಮಾತ್ರವಲ್ಲ, ಕಥೋಲಿಕ ಶಾಲೆಗಳಲ್ಲಿಯೂ ಸಂಗೀತ ಶಿಕ್ಷಣಕ್ಕೆ ಮಹತ್ವ ಕೊಡಬೇಕೆಂದು ಆದೇಶಿಸಿತು. ಆಯಾ ದೇಶದ ಜನರ ಸಂಗೀತ ಪರಂಪರೆಗೆ ಗೌರವದ ಸ್ಥಾನ ಸಲ್ಲಬೇಕೆಂದಿತು. ಅರವತ್ತು ವರ್ಷಗಳು ಕಳೆದವು. ನಮ್ಮಲ್ಲಿ ಎಷ್ಟು ಶಾಲೆಗಳು ಇದನ್ನು ಪಾಲಿಸಿವೆ ಎಂಬುದನ್ನು ನಿಮ್ಮ ಮಕ್ಕಳ ವೇಳಾಪಟ್ಟಿಯೇ ಹೇಳಲಿ.

ಹಾಗಾದರೆ ಮಾಡಬೇಕಾದುದೇನು? ಒಂದು ಧರ್ಮಕೇಂದ್ರಕ್ಕೆ ಸಾಧ್ಯವಿಲ್ಲದಿದ್ದರೆ ನಾಲ್ಕೈದು ಧರ್ಮಕೇಂದ್ರಗಳು, ವಿಧಿಯ ಭೇದವಿಲ್ಲದೆ, ಕೂಡಿ ಒಂದು ವಿದ್ಯಾರ್ಥಿವೇತನ ಸ್ಥಾಪಿಸಲಿ. ನಿಜವಾದ ಕಿವಿಯೂ ಶ್ರದ್ಧೆಯೂ ಇರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ ಮೈಸೂರಿಗೋ ಧಾರವಾಡಕ್ಕೋ ಸಂಗೀತ ಪದವಿಗೆ ಕಳುಹಿಸಲಿ. ಪಾಶ್ಚಾತ್ಯ ಸಂಗೀತದತ್ತ ಒಲವಿದ್ದರೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳನ್ನು ಭಾರತದಲ್ಲಿಯೇ ಹಂತಹಂತವಾಗಿ ಬರೆಯಬಹುದು. ಮುಂದಿನ ಓದಿಗೆ ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಆರಂಭಿಸಿದ ಸಂಗೀತ ಶಾಲೆಯಂಥ ಸಂಸ್ಥೆಗಳಿವೆ. ಓದು ಮುಗಿಸಿ ಬಂದವರಿಗೆ ಆ ಧರ್ಮಕೇಂದ್ರಗಳೂ ಅವುಗಳ ಶಾಲೆಗಳೂ ಸೇರಿ ಗೌರವಯುತವಾದ ಸಂಬಳದ ಕೆಲಸ ಕೊಡಲಿ. ಮಕ್ಕಳಿಗೆ ಸ್ವರ ಓದಲು ಕಲಿಸುವುದು, ಹಿರಿಯರ ಹಾಡುಗಳನ್ನು ಬರೆದಿಡುವುದು, ಕನ್ನಡದ ಮಾತು ಕೆಡದಂತೆ ಹೊಸ ಗೀತೆಗಳನ್ನು ಕಟ್ಟುವುದು ಅವರ ಕರ್ತವ್ಯವಾಗಲಿ. ಸಂಬಳವನ್ನು ‘ಸೇವೆ’ಯೆಂಬ ಹೆಸರಿನಲ್ಲಿ ಕಡಿತಗೊಳಿಸುವುದು ಬೇಡ. ಕೂಲಿಯಾಳು ಕೂಲಿಗೆ ಪಾತ್ರನೆಂಬ ಪ್ರಭುವಿನ ಬೋಧನೆ ಹಾಡುಗಾರನಿಗೂ ಅನ್ವಯಿಸುತ್ತದೆ.

ತಲೆಂತುಗಳ ಸಾಮತಿಯಲ್ಲಿ ಒಂದೇ ತಲೆಂತನ್ನು ಪಡೆದವನು ಅದನ್ನು ಕದಿಯಲೂ ಇಲ್ಲ, ಕಳೆಯಲೂ ಇಲ್ಲ. ಭಯಪಟ್ಟು ನೆಲದಲ್ಲಿ ಹೂತಿಟ್ಟನು, ಅಷ್ಟೆ. ಮಗುವಿನ ಕಂಠಕ್ಕೆ ಚಪ್ಪಾಳೆ ತಟ್ಟಿ ಅದರ ವಿದ್ಯೆಗೆ ಬೀಗ ಹಾಕುವ ನಾವೂ ಭಯದಿಂದಲೇ ಹಾಗೆ ಮಾಡುತ್ತೇವೆ. ಒಬ್ಬೊಬ್ಬರೇ ಎದುರಿಸಲಾಗದ ಆ ಭಯವನ್ನು ಸಮುದಾಯವಾಗಿ ಎದುರಿಸಬಹುದು. ಆದುದರಿಂದ, ಪ್ರಿಯ ಓದುಗರೇ, ನಿಮ್ಮ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಹೊಸ ಧ್ವನಿವರ್ಧಕದ ಖರ್ಚು ಮಂಡನೆಯಾದಾಗ ಎದ್ದು ನಿಂತು ವಿನಯದಿಂದ ಒಂದು ಪ್ರಶ್ನೆ ಕೇಳಿ: ಅದೇ ಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ಯಾವ ಸಾಲಿನಲ್ಲಿದೆ?