ಗೋಡೆಯ ಭೂಪಟವೂ ವಿಮಾನದ ಹಾದಿಯೂ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿ ಯಾವುದೆಂದು ಕೇಳಿದರೆ, ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭೂಪಟದ ಮೇಲೆ ಪೆಸಿಫಿಕ್ ಸಾಗರಕ್ಕೆ ಅಡ್ಡವಾಗಿ ನೇರವಾದ ಗೆರೆಯೊಂದನ್ನೆಳೆಯುತ್ತಾರೆ. ಮರ್ಕೇಟರ್ ಪಟದ ಆ ಗೆರೆಯನ್ನೇ ಹಿಡಿದು ಹಾರಿದರೆ ಸುಮಾರು 16,100 ಕಿಲೋಮೀಟರು ಕ್ರಮಿಸಬೇಕಾಗುವುದು. ಗೋಳದ ಮೇಲೆ ದಾರವನ್ನು ಬಿಗಿಹಿಡಿದು ನೋಡಿರಿ. ಅದು ಸೈಬೀರಿಯದ ಮೇಲೇರಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲಾಸ್ಕದ ಮೂಲಕ ಇಳಿದು, 14,000 ಕಿಲೋಮೀಟರಿಗೇ ಮುಗಿಯುತ್ತದೆ! ಎರಡು ಊರುಗಳ ರೇಖಾಂಶಗಳ ಅಂತರವು 160 ಡಿಗ್ರಿ, ಎಂದರೆ ಹೆಚ್ಚುಕಡಿಮೆ ಅರ್ಧ ಸುತ್ತು. ಹೀಗಿರುವಾಗ ಹತ್ತಿರದ ದಾರಿಯು ಧ್ರುವದ ಕಡೆಗೆ ಬಾಗುವುದು ಸಹಜವೇ ಆಗಿದೆ.

ಆದರೂ ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿಯೆನ್ನುವಂತಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ವಾಯುಪ್ರವಾಹವು ಬೆನ್ನಿಗಿದ್ದರೆ ಬಳಸುದಾರಿಯೂ ಲಾಭಕರ, ಎದುರಾದರೆ ನಷ್ಟ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವು ಉತ್ತರಧ್ರುವದ ಮಾರ್ಗವನ್ನೇ ಹಿಡಿದಿತ್ತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರೆಂಬುದನ್ನೂ ಇಲ್ಲಿ ಸಂತೋಷದಿಂದ ನೆನೆಯುತ್ತೇವೆ.

ಕಾಲದ ಲೆಕ್ಕದಲ್ಲಿ ತೊಡಕು ಇನ್ನೂ ಹೆಚ್ಚು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದವನು ಅಲ್ಲಿ ಅದೇ ದಿನ ಸಂಜೆ 5-30ಕ್ಕೆ ಇಳಿಯುವನು. ಎರಡು ವೇಳೆಗಳನ್ನು ಸುಮ್ಮನೆ ಕಳೆದು ಮೂರೂವರೆ ಗಂಟೆಯೆಂದು ಬರೆಯುವ ವಿದ್ಯಾರ್ಥಿಯು, 900 ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುವ ವಿಮಾನಕ್ಕೆ ಗಂಟೆಗೆ 4,000 ಕಿಲೋಮೀಟರು ವೇಗವನ್ನು ದಯಪಾಲಿಸುತ್ತಾನೆ!

ಭೂಪಟವನ್ನು ತೆಗೆದೊಗೆಯಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಗೋಳವು ಕಪಾಟಿನಲ್ಲಿ ಬೀಗದೊಳಗಿದ್ದು, ಪಟವೊಂದೇ ಕಣ್ಣಮುಂದಿದ್ದರೆ, ಮಕ್ಕಳು ಪಟವನ್ನೇ ಭೂಮಿಯೆಂದು ಭಾವಿಸುವುದರಲ್ಲಿ ಆಶ್ಚರ್ಯವೇನು? ಪ್ರತಿಯೊಂದು ಪ್ರೌಢಶಾಲೆಯ ತರಗತಿಯಲ್ಲಿಯೂ ಕೈಗೆಟುಕುವಂತೆ ಒಂದು ಗೋಳವೂ ಒಂದು ಮೊಳ ದಾರವೂ ಇರಲಿ. ಪರೀಕ್ಷೆಯಲ್ಲಿ ಇಂತಹ ಲೆಕ್ಕವೊಂದು ಬರಲಿ.